ಏರಿಕೆ–ಇಳಿಕೆಯ ಶೇಕಡಾ ಲೆಕ್ಕ

"ಟೊಮೆಟೊ ಧಾರಣೆ ಶೇ. 50 ಇಳಿದಿತ್ತು, ಈಗ ಶೇ. 50 ಏರಿದೆ, ಅಲ್ಲಿಗೆ ಸರಿಹೋಯಿತು" ಎಂಬ ಮಾತನ್ನು ಮಂಡಿಯಲ್ಲಿ ನೀವು ಕೇಳಿರಬಹುದು. ಈ ಮಾತು ತಪ್ಪು. ಹೇಗೆಂಬುದನ್ನು ನೋಡೋಣ.

ಲೆಕ್ಕ ಮಾಡುವ ವಿಧಾನ

1. ಹೊಸ ಮೊತ್ತಕ್ಕೂ ಹಳೆಯ ಮೊತ್ತಕ್ಕೂ ಇರುವ ವ್ಯತ್ಯಾಸ ತೆಗೆಯಿರಿ.
2. ಅದನ್ನು ಹಳೆಯ ಮೊತ್ತದಿಂದ ಭಾಗಿಸಿರಿ.
3. ಬಂದುದನ್ನು 100ರಿಂದ ಗುಣಿಸಿರಿ.

ಉದಾಹರಣೆಗೆ, ಕೇಂದ್ರ ಸರ್ಕಾರವು ರಾಗಿಗೆ ನಿಗದಿ ಮಾಡಿದ ಕನಿಷ್ಠ ಬೆಂಬಲ ಬೆಲೆ 2024–25ರಲ್ಲಿ ಕ್ವಿಂಟಲಿಗೆ 4,290 ರೂ., 2025–26ರಲ್ಲಿ 4,886 ರೂ. ವ್ಯತ್ಯಾಸ 596 ರೂ. ಇದನ್ನು 4,290ರಿಂದ ಭಾಗಿಸಿ 100ರಿಂದ ಗುಣಿಸಿದರೆ 13.9 ಬರುತ್ತದೆ. ಅಂದರೆ ಏರಿಕೆ ಸುಮಾರು ಶೇ. 13.9. ಮರೆತು ಹೊಸ ಬೆಲೆಯಿಂದ ಭಾಗಿಸಿದರೆ 12.2 ಎಂಬ ತಪ್ಪು ಉತ್ತರ ಬರುತ್ತದೆ.

ಇಳಿದದ್ದು, ಏರಿದ್ದು

ಈಗ ಟೊಮೆಟೊ ಮಾತಿಗೆ ಬರೋಣ. 15 ಕಿಲೋ ಬಾಕ್ಸಿಗೆ 600 ರೂ. ಇದ್ದ ಧಾರಣೆ ಶೇ. 50 ಇಳಿದರೆ 300 ರೂ. ಆಗುತ್ತದೆ. ಆಮೇಲೆ ಏರುವ ಶೇ. 50 ಈ 300ರ ಮೇಲೆ. ಅಂದರೆ 150 ರೂ. ಮಾತ್ರ. ಧಾರಣೆ 450ಕ್ಕೆ ನಿಲ್ಲುತ್ತದೆ. ಮತ್ತೆ 600 ಮುಟ್ಟಬೇಕಾದರೆ ಶೇ. 100 ಏರಬೇಕು.

ಇಳುವರಿ ಮತ್ತು ಬೆಲೆ

ಎಕರೆಗೆ 10 ಕ್ವಿಂಟಲ್ ಬರುತ್ತಿದ್ದ ಇಳುವರಿ ಶೇ. 20 ಹೆಚ್ಚಿ 12 ಕ್ವಿಂಟಲ್ ಆಯಿತೆನ್ನಿ. ಅದೇ ವರ್ಷ 4,000 ರೂ. ಇದ್ದ ಬೆಲೆ ಶೇ. 20 ಇಳಿದು 3,200 ಆಯಿತು. ಮೊದಲು ಕೈಗೆ ಬರುತ್ತಿದ್ದುದು 40,000 ರೂ.; ಈಗ 38,400 ರೂ. ಶೇ. 4 ಕಡಿಮೆ! ಹೆಚ್ಚಿನ ಕೊಯ್ಲು, ಸಾಗಣೆಯ ಖರ್ಚು ಬೇರೆ.

ಸಾಲದ ಬಡ್ಡಿ

ಗಡುವಿನೊಳಗೆ ತೀರಿಸಿದರೆ ಶೇ. 4, ತಪ್ಪಿದರೆ ಶೇ. 7 ಬಡ್ಡಿ ಎಂಬ ಕರಾರಿನ ಸಾಲವಿದ್ದರೆ, "ಮೂರೇ ಹೆಚ್ಚು" ಎಂದು ಉದಾಸೀನ ಮಾಡಬೇಡಿ. ಒಂದು ಲಕ್ಷಕ್ಕೆ ವರ್ಷದ ಬಡ್ಡಿ 4,000ದಿಂದ 7,000 ರೂ.ಗೆ ಏರುತ್ತದೆ. ನೀವು ಕಟ್ಟುವ ಬಡ್ಡಿ ಹಣ ಶೇ. 75 ಹೆಚ್ಚಿದಂತಾಯಿತು.

ಆದ್ದರಿಂದ ಯಾರಾದರೂ ಶೇಕಡಾ ಹೇಳಿದೊಡನೆ "ಯಾವುದರ ಮೇಲೆ?" ಎಂದು ಕೇಳಿರಿ. ಪ್ರತಿ ಬೆಳೆಯ ಇಳುವರಿ, ಮಾರಿದ ಬೆಲೆ, ಖರ್ಚುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಹಳೆಯ ಅಂಕಿ ಕೈಯಲ್ಲಿದ್ದರೆ ಮಾತ್ರ ಲಾಭ ಹೆಚ್ಚಿತೋ ತಗ್ಗಿತೋ ಎಂಬುದು ತಿಳಿಯುತ್ತದೆ.