ಗಣಿತ ಓದಿ ವಾಸ್ತುಶಿಲ್ಪಿಯಾದ ಝಹಾ ಹದೀದ್

‘ಹದೀದ್’ ಎಂದರೆ ಅರಬ್ಬಿಯಲ್ಲಿ ಕಬ್ಬಿಣ. ಕುರ್‌ಆನಿನ 57ನೇ ಸೂರಾದ ಹೆಸರೂ ಇದೇ. ಈ ಹೆಸರಿನ ಇರಾಕಿ ಮಹಿಳೆಯೊಬ್ಬರು ಕಬ್ಬಿಣ, ಕಾಂಕ್ರೀಟಿನ ಕಟ್ಟಡಗಳಿಂದ ಜಗತ್ಪ್ರಸಿದ್ಧರಾದರು. ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್ಕರ್ ಪ್ರಶಸ್ತಿ ಪಡೆದ (2004) ಮೊದಲ ಮಹಿಳೆ ಅವರು. ಅವರ ಬಾಲ್ಯ ಮತ್ತು ಓದಿನ ಬಗ್ಗೆ ತಿಳಿಯೋಣ.

ಝಹಾ ಹುಟ್ಟಿದ್ದು 1950ರ ಅಕ್ಟೋಬರ್ 31ರಂದು, ಬಾಗ್ದಾದಿನಲ್ಲಿ. ತಂದೆ ಮುಹಮ್ಮದ್ ಹದೀದ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿದವರು. 1958ರ ಕ್ರಾಂತಿಯ ನಂತರ ಇರಾಕಿನ ಹಣಕಾಸು ಸಚಿವರಾದರು. ತಾಯಿ ವಜೀಹಾ ಮಗಳಿಗೆ ಚಿತ್ರ ಬರೆಯುವುದನ್ನು ಕಲಿಸಿದರು. ಬಾಗ್ದಾದಿನಲ್ಲಿ ಝಹಾ ಓದಿದ್ದು ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ. ಅಲ್ಲಿ ಮುಸ್ಲಿಂ, ಕ್ರೈಸ್ತ, ಯಹೂದಿ ಹುಡುಗಿಯರು ಒಟ್ಟಿಗೆ ಕಲಿಯುತ್ತಿದ್ದರು.

ಮುಂದೆ ಅವರು ನೇರವಾಗಿ ವಾಸ್ತುಶಿಲ್ಪಕ್ಕೆ ಸೇರಲಿಲ್ಲ. ಲೆಬನಾನಿನ ಬೈರೂತ್‌ನಲ್ಲಿರುವ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಮೊದಲು ಗಣಿತ ಓದಿದರು. 1972ರಲ್ಲಿ ಲಂಡನ್ನಿಗೆ ಹೋಗಿ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆ ಸೇರಿದರು. ರೆಮ್ ಕೂಲ್ಹಾಸ್, ಇಲಿಯಾ ಝೆಂಗೆಲಿಸ್ ಅಲ್ಲಿ ಅವರ ಗುರುಗಳು. 1977ರಲ್ಲಿ ಆ ಓದು ಮುಗಿಯಿತು. ಕೊನೆಯ ವರ್ಷದ ಕೆಲಸವಾಗಿ ಥೇಮ್ಸ್ ನದಿಯ ಸೇತುವೆಯ ಮೇಲೆ ಒಂದು ಹೋಟೆಲಿನ ವಿನ್ಯಾಸ ಮಾಡಿದ್ದರು.

ಗಣಿತ ವ್ಯರ್ಥವಾಯಿತೇ? ಇಲ್ಲ. ಸಾಮಾನ್ಯವಾಗಿ ಗೋಡೆ ನೇರ, ಮೂಲೆ 90 ಡಿಗ್ರಿ. ಝಹಾ ಅವರ ಕಟ್ಟಡಗಳಲ್ಲಿ ಗೋಡೆ ಓರೆಯಾಗುತ್ತದೆ, ಚಾವಣಿ ಬಾಗುತ್ತದೆ. ಬಾಕುವಿನ ಹೈದರ್ ಅಲಿಯೇವ್ ಕೇಂದ್ರದಲ್ಲಿ ನೆಲವೇ ಎದ್ದು ಗೋಡೆಯಾಗಿ, ಗೋಡೆಯೇ ಚಾವಣಿಯಾದಂತೆ ಕಾಣುತ್ತದೆ. ಇಂಥದ್ದನ್ನು ಕಟ್ಟಲು ಪ್ರತಿ ಬಿಂದುವಿನ ಎತ್ತರ, ಕೋನಗಳ ಲೆಕ್ಕ ಬೇಕು. ಅದು ರೇಖಾಗಣಿತದ ಕೆಲಸ.

ಆದರೆ ಫಲ ಬೇಗ ಸಿಗಲಿಲ್ಲ. 1983ರಲ್ಲಿ ಹಾಂಗ್‌ಕಾಂಗ್‌ನ ‘ಪೀಕ್’ ಸ್ಪರ್ಧೆ ಗೆದ್ದರೂ ಆ ಕಟ್ಟಡ ಏಳಲೇ ಇಲ್ಲ. ಮೊದಲ ಪ್ರಮುಖ ಕಟ್ಟಡವಾದ ಜರ್ಮನಿಯ ವಿಟ್ರಾ ಅಗ್ನಿಶಾಮಕ ಠಾಣೆ ಪೂರ್ಣಗೊಂಡದ್ದು 1993ರಲ್ಲಿ, ಓದು ಮುಗಿದು 16 ವರ್ಷಗಳ ನಂತರ. ಅಷ್ಟು ಕಾಲವೂ ಅವರು ಚಿತ್ರ ಬರೆಯುತ್ತಾ, ಪಾಠ ಹೇಳುತ್ತಾ ಇದ್ದರು.

ಝಹಾ ಅನುಕೂಲಸ್ಥರ ಮನೆಯವರು, ನಿಜ. ಎಲ್ಲರಿಗೂ ಲಂಡನ್ನಿನ ಓದು ಸಿಗುವುದಿಲ್ಲ. ಆದರೆ ಅವರ ಜೀವನದ ಒಂದು ಲೆಕ್ಕ ನಮಗೂ ಅನ್ವಯಿಸುತ್ತದೆ. ಯಂತ್ರ ಕೊಂಡ ಹಣವನ್ನು ನಾವು ಅಕೌಂಟೆನ್ಸಿಯಲ್ಲಿ ಬಂಡವಾಳ ವೆಚ್ಚ ಎನ್ನುತ್ತೇವೆ; ಅದರ ಪ್ರಯೋಜನ ಹಲವು ವರ್ಷ ಬರುತ್ತದೆ. ಓದೂ ಹಾಗೆಯೇ. ‘ಹುಡುಗಿಗೆ ಇಷ್ಟು ಓದು ಸಾಕು, ಇದರಿಂದ ಏನು ಸಿಕ್ಕಿತು?’ ಎಂದು ಕೇಳುವವರು ಒಂದೇ ವರ್ಷದ ಲಾಭ ನೋಡುತ್ತಿದ್ದಾರೆ. ಅವರಿಗೆ ಈ 16 ವರ್ಷಗಳ ಲೆಕ್ಕ ಹೇಳಬೇಕು.