ಆಟಗಾರನ ಆತ್ಮಶಿಕ್ಷಣ

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ ಬೌರಲ್ ಎಂಬುದೊಂದು ಸಣ್ಣ ಊರು. ಸುಮಾರು ನೂರು ವರ್ಷಗಳ ಹಿಂದೆ ಆ ಊರಿನ ಒಂದು ಮನೆಯ ಹಿತ್ತಲಿನಲ್ಲಿ ಬಾಲಕನೊಬ್ಬ ಒಬ್ಬನೇ ಆಡಿಕೊಳ್ಳುತ್ತಿದ್ದ. ಅವನ ಕೈಯಲ್ಲಿದ್ದುದು ಕ್ರಿಕೆಟ್ ಬ್ಯಾಟಲ್ಲ, ಒಂದು ಸ್ಟಂಪು; ಚೆಂಡು ಗಾಲ್ಫ್ ಆಟದ್ದು. ಮನೆಯ ನೀರಿನ ತೊಟ್ಟಿಯನ್ನು ಹೊತ್ತಿದ್ದ ದುಂಡನೆಯ ಇಟ್ಟಿಗೆಯ ಕಟ್ಟೆಗೆ ಅವನು ಚೆಂಡನ್ನು ಎಸೆಯುತ್ತಿದ್ದ. ಕಟ್ಟೆಯ ಬಾಗಿಗೆ ತಾಗಿದ ಚೆಂಡು ಯಾವ ಕಡೆಗೆ, ಎಷ್ಟು ವೇಗದಿಂದ ಹಿಂದಿರುಗುವುದೆಂದು ಮೊದಲೇ ತಿಳಿಯುವಂತಿರಲಿಲ್ಲ. ಅದನ್ನು ಆ ತೆಳ್ಳನೆಯ ಕೋಲಿನಿಂದ ಹೊಡೆಯಬೇಕು. ಇದೇ ಅವನ ಆಟ. ಹನ್ನೆರಡನೆಯ ವಯಸ್ಸಿನಲ್ಲಿ ಆ ಬಾಲಕ ತನ್ನ ಶಾಲೆಯ ಪರವಾಗಿ ಆಡಿ, ಔಟಾಗದೆ 115 ರನ್ನುಗಳನ್ನು ಗಳಿಸಿದ. ಮುಂದೆ 1928ರಿಂದ 1948ರವರೆಗೆ ಟೆಸ್ಟ್ ಪಂದ್ಯಗಳಲ್ಲಿ ಆಡಿ 99.94ರ ಸರಾಸರಿಯನ್ನು ಉಳಿಸಿಹೋದ ಡೊನಾಲ್ಡ್ ಬ್ರಾಡ್ಮನ್ ಆತನೇ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಹುಡುಗನ ಶ್ರಮವನ್ನು ಹೊಗಳಿ ಮುಗಿಸುತ್ತಾರೆ. ಶ್ರಮವೇನೋ ನಿಜ. ಆದರೆ ಅದರಲ್ಲಿ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಇಟ್ಟಿಗೆಯ ಕಟ್ಟೆ 'ಭೇಷ್' ಎನ್ನುವುದಿಲ್ಲ, ಗದರಿಸುವುದೂ ಇಲ್ಲ. ಹೊಡೆತ ಸರಿಯಾಯಿತೆ, ತಪ್ಪಿದ್ದರೆ ಏಕೆ ತಪ್ಪಿತು, ಮುಂದಿನ ಚೆಂಡಿಗೆ ಕಾಲನ್ನು ಎಲ್ಲಿಡಬೇಕು ಎಂಬುದನ್ನೆಲ್ಲ ನಿರ್ಣಯಿಸಬೇಕಾದವನು ಹುಡುಗನೇ. ಆಡುವವನೂ ಅವನೇ, ನೋಡುವವನೂ ಅವನೇ, ತಿದ್ದುವವನೂ ಅವನೇ.

ನಮ್ಮ ಪುರಾಣಗಳಲ್ಲಿ ಇದಕ್ಕೆ ಸಮಾನವಾದ ಪ್ರಸಂಗ ಏಕಲವ್ಯನದು. ದ್ರೋಣನ ಮಣ್ಣಿನ ಪ್ರತಿಮೆಯನ್ನು ಮುಂದಿಟ್ಟುಕೊಂಡು ಅವನು ಬಿಲ್ವಿದ್ಯೆಯನ್ನು ಕಲಿತ. ಅವನ ಗುರುಭಕ್ತಿಯನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಬಾಣ ಗುರಿ ತಪ್ಪಿದಾಗ ಆ ಪ್ರತಿಮೆ ಬಾಯಿ ತೆರೆದು ತಪ್ಪನ್ನು ತೋರಿಸಿರಲಾರದು. ತೋರಿಸಿದ್ದು ಅವನ ಕಣ್ಣೇ.

ಇಂತಹ ಕಲಿಕೆಯನ್ನು ಮನೋವಿಜ್ಞಾನಿಗಳು 'ಸ್ವನಿಯಂತ್ರಿತ ಕಲಿಕೆ' ಎಂದು ಕರೆಯುತ್ತಾರೆ. ಅಮೆರಿಕದ ಬ್ಯಾರಿ ಜಿಮ್ಮರ್‌ಮನ್ ಎಂಬ ವಿದ್ವಾಂಸರು ಇದನ್ನು ಹಲವು ವರ್ಷಗಳ ಕಾಲ ಅಭ್ಯಸಿಸಿದರು. ಅವರ ಪ್ರಕಾರ ಈ ಕಲಿಕೆಗೆ ಮೂರು ಹಂತಗಳಿವೆ. ಅಭ್ಯಾಸಕ್ಕೆ ಮುನ್ನ ಇಂದು ಏನನ್ನು ಸಾಧಿಸಬೇಕು, ಹೇಗೆ ಸಾಧಿಸಬೇಕು ಎಂದು ನಿಶ್ಚಯಿಸುವುದು. ಅಭ್ಯಾಸದ ವೇಳೆಯಲ್ಲಿ ತನ್ನ ಕ್ರಿಯೆಯನ್ನು ತಾನೇ ಗಮನಿಸುವುದು. ಅಭ್ಯಾಸ ಮುಗಿದ ಮೇಲೆ ಫಲವನ್ನು ತೂಗಿನೋಡಿ ಕಾರಣವನ್ನು ಹುಡುಕುವುದು. ಮೂರನೆಯ ಹಂತದಲ್ಲಿ ದೊರೆತ ಉತ್ತರವೇ ಮರುದಿನದ ಮೊದಲನೆಯ ಹಂತಕ್ಕೆ ಬೀಜವಾಗುತ್ತದೆ. ಆದ್ದರಿಂದ ಇದು ಗಾಣದ ಎತ್ತಿನ ಸುತ್ತಲ್ಲ. ಪ್ರತಿ ಸುತ್ತಿನಲ್ಲೂ ಒಂದಿಷ್ಟು ಮುಂದೆ ಸಾಗುವ ಸುತ್ತು.

ಕೇಳಿದರೆ ಇದು ಸಾಮಾನ್ಯ ವಿವೇಕದ ಮಾತೆಂದೇ ತೋರುತ್ತದೆ. ಆದರೆ ಇದನ್ನು ಪರೀಕ್ಷೆಗೆ ಒಡ್ಡಿದಾಗ ಹೊರಬಿದ್ದ ಸಂಗತಿಗಳು ಅಷ್ಟೇನೂ ಸಾಮಾನ್ಯವಲ್ಲ. ಜಿಮ್ಮರ್‌ಮನ್ನರು ಅನಸ್ತೇಷಿಯಾ ಕಿಟ್ಸಾಂಟಸ್ ಎಂಬ ಸಂಶೋಧಕಿಯೊಡನೆ ಪ್ರೌಢಶಾಲೆಯ ಬಾಲಕಿಯರಿಗೆ ಡಾರ್ಟ್ ಎಸೆಯುವುದನ್ನು ಕಲಿಸಿ, ಅದರ ಫಲಿತಾಂಶವನ್ನು 1997ರಲ್ಲಿ ಪ್ರಕಟಿಸಿದರು. ಡಾರ್ಟ್ ಎಂದರೆ ಕೈಯಿಂದ ಎಸೆಯುವ ಕಿರುಬಾಣ. ವೃತ್ತಗಳುಳ್ಳ ಹಲಗೆಯ ನಡುಬಿಂದುವಿಗೆ ಅದು ಎಷ್ಟು ಸಮೀಪವಾಗಿ ನಾಟಿದರೆ ಅಷ್ಟು ಹೆಚ್ಚು ಅಂಕ. ಒಂದು ಗುಂಪಿನ ಬಾಲಕಿಯರಿಗೆ 'ಹೆಚ್ಚು ಅಂಕ ಗಳಿಸಿ' ಎಂದು ಹೇಳಲಾಯಿತು. ಇನ್ನೊಂದು ಗುಂಪಿಗೆ 'ಅಂಕವನ್ನು ಮರೆತುಬಿಡಿ. ಗುರಿ ನೋಡುವುದು, ಎಸೆಯುವುದು, ಎಸೆದ ಮೇಲೆ ಕೈಯನ್ನು ಮುಂದಕ್ಕೆ ಚಾಚುವುದು, ಇವು ಸರಿಯಾಗಿವೆಯೆ ನೋಡಿ' ಎಂದು ಸೂಚಿಸಲಾಯಿತು. ಮೂರನೆಯ ಗುಂಪು ಮೊದಲು ಕ್ರಮಕ್ಕೆ ಗಮನ ಕೊಟ್ಟು, ಅದು ಕೈಗೆ ಹತ್ತಿದ ಮೇಲೆ ಅಂಕದ ಕಡೆಗೆ ತಿರುಗಿತು. ಕೊನೆಯಲ್ಲಿ ನೋಡಿದರೆ, ಮೊದಲಿನಿಂದಲೂ ಅಂಕಕ್ಕಾಗಿ ಎಸೆದವರಿಗೇ ಕಡಿಮೆ ಅಂಕ! ಕ್ರಮವನ್ನು ಗಮನಿಸಿದವರು ಅವರಿಗಿಂತ ಮೇಲಾದರು. ಕ್ರಮದಿಂದ ಅಂಕಕ್ಕೆ ತಿರುಗಿದವರು ಎಲ್ಲರಿಗಿಂತ ಮೇಲಾದರು. ತಾವು ಮಾಡಿದ್ದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡವರು, ಬರೆಯದವರಿಗಿಂತ ಚೆನ್ನಾಗಿ ಕಲಿತರು.

ಫಲದ ಮೇಲೆಯೇ ಕಣ್ಣಿಟ್ಟವನು ಫಲವನ್ನು ಕಳೆದುಕೊಳ್ಳುವನೆಂಬುದನ್ನು ನಮ್ಮ ಹಿರಿಯರು ಬೇರೆ ಸಂದರ್ಭದಲ್ಲಿ ಹೇಳಿದ್ದಾರೆ. ಇಲ್ಲಿ ಅದರ ಕಾರಣ ಬಹು ಸರಳವಾದುದು. ಅಂಕವು 'ತಪ್ಪಿದೆ' ಎಂದಷ್ಟೇ ತಿಳಿಸುತ್ತದೆ. ಯಾವುದು ತಪ್ಪಿತೆಂಬುದನ್ನು ತಿಳಿಸುವುದಿಲ್ಲ. ಮೊಣಕೈ ಓರೆಯಾಯಿತೆಂದು ಕಂಡವಳಿಗೆ ಮುಂದಿನ ಎಸೆತದಲ್ಲಿ ಮಾಡಲು ಒಂದು ಕೆಲಸವಿದೆ. ಅಂಕ ಮಾತ್ರ ಕಂಡವಳಿಗೆ ಉಳಿಯುವುದು ಬೇಸರವೊಂದೇ.

ಎಳೆಯ ಆಟಗಾರರ ಬಾಳಿನಲ್ಲಿ ಇದು ಸಣ್ಣ ವಿಷಯವಲ್ಲ. ಸ್ಪರ್ಧೆಯೆಂದ ಮೇಲೆ ಸೋಲು ತಪ್ಪಿದ್ದಲ್ಲ. ಮೂವತ್ತೆರಡು ಮಂದಿ ಸೇರಿದ ಪಂದ್ಯಾವಳಿಯಲ್ಲಿ ಗೆದ್ದು ಮನೆಗೆ ಹೋಗುವವನು ಒಬ್ಬನೇ. ಮೂವತ್ತೊಂದು ಮಂದಿ ಸೋತೇ ಹೋಗುತ್ತಾರೆ. ಆ ಸೋಲಿಗೆ ಅವರು ಯಾವ ಕಾರಣವನ್ನು ಕೊಟ್ಟುಕೊಳ್ಳುತ್ತಾರೆ? 'ನನಗೆ ಅದೃಷ್ಟವಿಲ್ಲ', 'ಇದು ನನ್ನ ಕೈಲಾಗುವ ಕೆಲಸವಲ್ಲ' ಎಂದುಕೊಂಡ ಮಗು ಮುಂದಿನ ವರ್ಷ ಮೈದಾನದಲ್ಲಿ ಕಾಣಿಸುವುದು ಅಪರೂಪ. ತಿಮೋತಿ ಕ್ಲಿಯರಿ ಎಂಬವರು ಜಿಮ್ಮರ್‌ಮನ್ನರೊಡನೆ ಪ್ರೌಢಶಾಲೆಯ ಹುಡುಗರು ಬ್ಯಾಸ್ಕೆಟ್‌ಬಾಲಿನಲ್ಲಿ ಫ್ರೀ ಥ್ರೋ ಎಸೆಯುವುದನ್ನು ಪರಿಶೀಲಿಸಿ 2001ರಲ್ಲಿ ಬರೆದ ಲೇಖನದಲ್ಲಿ ಇದಕ್ಕೆ ಆಧಾರ ದೊರೆಯುತ್ತದೆ. ನುರಿತ ಹುಡುಗರು ಎಸೆಯುವ ಮುನ್ನ ಹೆಚ್ಚು ಸ್ಪಷ್ಟವಾದ ಗುರಿಯನ್ನು ಇಟ್ಟುಕೊಂಡಿದ್ದರು. ಎಸೆತ ತಪ್ಪಿದಾಗ ತಾವು ಎಸೆದ ರೀತಿಯಲ್ಲಿ ದೋಷವನ್ನು ಹುಡುಕಿದರು. ಉಳಿದವರು ಹೀಗೆ ಹುಡುಕಿದ್ದು ಕಡಿಮೆ. ಮಗು ಸೋತು ಬಂದಾಗ ಅಂಗಳದ ಅಂಚಿನಲ್ಲಿ ನಿಂತ ತಂದೆತಾಯಿಯರು ಕೇಳುವ ಮೊದಲ ಪ್ರಶ್ನೆ 'ಎಷ್ಟು ಅಂಕದಿಂದ ಸೋತೆ?' ಎಂದೇ ಆಗಿದ್ದರೆ, ಅವರು ತಮಗರಿಯದೆಯೇ ಮಗುವಿನ ಕಣ್ಣನ್ನು ತಪ್ಪು ಕಡೆಗೆ ತಿರುಗಿಸುತ್ತಿದ್ದಾರೆ ಎನ್ನಬೇಕು.

ನೆದರ್ಲೆಂಡ್ಸ್ ದೇಶದಲ್ಲಿ 11ರಿಂದ 17 ವಯಸ್ಸಿನ ಫುಟ್‌ಬಾಲ್ ಆಟಗಾರರ ವಿಷಯದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೇಲ್ಮಟ್ಟದಲ್ಲಿ ಆಡುವವರು ಆತ್ಮಾವಲೋಕನದಲ್ಲಿಯೂ ಪ್ರಯತ್ನದಲ್ಲಿಯೂ ಉಳಿದವರಿಗಿಂತ ಮುಂದಿದ್ದುದು ಕಂಡುಬಂದಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅವಲೋಕನದಿಂದ ಆಟ ಬೆಳೆಯಿತೋ, ಒಳ್ಳೆಯ ತರಬೇತಿಯ ನಡುವೆ ಬೆಳೆದವರಿಗೆ ಅವಲೋಕನದ ಅಭ್ಯಾಸವೂ ಬಂದಿತೋ ಎಂಬುದು ಇಂತಹ ಅಧ್ಯಯನದಿಂದ ನಿಶ್ಚಯವಾಗದು. ಡಾರ್ಟ್ ಪ್ರಯೋಗಕ್ಕೆ ಹೆಚ್ಚಿನ ಬೆಲೆಯಿರುವುದು ಈ ಕಾರಣದಿಂದಲೇ. ಅಲ್ಲಿ ಗುಂಪುಗಳನ್ನು ಮಾಡಿದವರು, ಯಾರಿಗೆ ಯಾವ ಸೂಚನೆಯೆಂದು ನಿರ್ಧರಿಸಿದವರು ಸಂಶೋಧಕರೇ.

ಹಾಗೆಂದು ಆಟಗಾರನು ಎಲ್ಲ ವೇಳೆಯಲ್ಲೂ ತನ್ನ ಕೈಕಾಲುಗಳನ್ನೇ ನೋಡಿಕೊಳ್ಳುತ್ತಿರಬೇಕೆಂದಲ್ಲ. ಅನುಭವಿಗಳಾದ ಫುಟ್‌ಬಾಲ್ ಆಟಗಾರರಿಗೆ, ಸಾಲಾಗಿಟ್ಟ ಗುರುತುಗಳ ನಡುವೆ ಚೆಂಡನ್ನು ಒಯ್ಯುವಾಗ ಪಾದದ ಯಾವ ಬದಿ ಚೆಂಡಿಗೆ ತಗುಲುತ್ತಿದೆ ಎಂಬುದನ್ನು ಗಮನಿಸುವಂತೆ ಸಂಶೋಧಕರು ಹೇಳಿದಾಗ, ಅವರ ವೇಗ ಕುಗ್ಗಿತು. ಹೊಸಬರಿಗೆ ಅಂತಹ ಹಾನಿಯಾಗಲಿಲ್ಲ. ಪೂರ್ತಿ ರೂಢಿಯಾದ ಚಲನೆಯನ್ನು ಬಿಡಿಸಿ ನೋಡಹೊರಟರೆ ಅದು ಕೆಡುತ್ತದೆ. ಸೈಕಲ್ ತುಳಿಯುತ್ತ ಕಾಲುಗಳ ಕಡೆ ನೋಡಿಕೊಂಡವರಿಗೆಲ್ಲ ಇದು ಗೊತ್ತು. ಆದುದರಿಂದ ಪರೀಕ್ಷಿಸುವ ಹೊತ್ತು ಬೇರೆ, ಆಡುವ ಹೊತ್ತು ಬೇರೆ. ಪಂದ್ಯದ ನಡುವೆ ಮೊಣಕೈಯನ್ನು ತಿದ್ದಹೊರಟವನು ಪಂದ್ಯವನ್ನೂ ಕಳೆದುಕೊಂಡಾನು, ಮೊಣಕೈಯನ್ನೂ ತಿದ್ದಲಾರನು.

ಇಷ್ಟಾದ ಮೇಲೆ ಗುರುವಿಗೆ ಏನು ಕೆಲಸ ಎಂಬ ಪ್ರಶ್ನೆ ಏಳುತ್ತದೆ. ಡಾರ್ಟ್ ಎಸೆದ ಬಾಲಕಿಯರಿಗೆ ಕ್ರಮವನ್ನು ಮೊದಲು ತೋರಿಸಿಕೊಟ್ಟವರು ಬೇರೆಯವರೇ. ಸರಿಯಾದ ಹೊಡೆತ ಹೇಗಿರುತ್ತದೆಂದು ಕಂಡೇ ಇಲ್ಲದವನು ತನ್ನ ತಪ್ಪನ್ನು ಯಾವುದರೊಡನೆ ಹೋಲಿಸಿ ನೋಡಬಲ್ಲ? ಆದರೆ ಪ್ರತಿಯೊಂದು ಹೊಡೆತದ ಹಿಂದೆಯೇ ದೋಷವನ್ನು ಕೂಗಿ ಹೇಳುವ ತರಬೇತುದಾರನು ಶಿಷ್ಯನ ಕಣ್ಣಿಗೆ ಕೆಲಸವನ್ನೇ ಉಳಿಸುವುದಿಲ್ಲ. ಪಂದ್ಯದ ದಿನ ಅಂಗಳದೊಳಗೆ ನಿಲ್ಲುವವನು ಶಿಷ್ಯನೊಬ್ಬನೇ. ದೋಷವನ್ನು ತಾನೇ ಹೇಳುವ ಮೊದಲು 'ಏನಾಯಿತು?' ಎಂದು ಕೇಳಿ, ಉತ್ತರ ಬರುವವರೆಗೆ ಕಾಯುವ ಗುರುಗಳು ವಿರಳ. ಅವರ ಶಿಷ್ಯರು ಪುಣ್ಯವಂತರು.

ಬೆಂಗಳೂರಿನ ಪ್ರಕಾಶ್ ಪಡುಕೋಣೆಯವರ ಬೆಳವಣಿಗೆ ಈ ದೃಷ್ಟಿಯಿಂದ ನೋಡತಕ್ಕದ್ದು. ಅವರು ಬ್ಯಾಡ್ಮಿಂಟನ್ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ. ಅದು ಮದುವೆಗಳೂ ನಡೆಯುತ್ತಿದ್ದ ಸ್ಥಳ. ಮದುವೆಯಿದ್ದ ದಿನ ಆಟವಿಲ್ಲ. ತಂದೆ ರಮೇಶ ಪಡುಕೋಣೆಯವರೇ ಮೊದಲ ಗುರು. 1962ರಲ್ಲಿ, ಏಳರ ವಯಸ್ಸಿನಲ್ಲಿ, ರಾಜ್ಯದ ಕಿರಿಯರ ಪಂದ್ಯಾವಳಿಗೆ ಇಳಿದು ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷಗಳ ಬಳಿಕ ಅದೇ ಪ್ರಶಸ್ತಿಯನ್ನು ಗೆದ್ದರು. ಗೆದ್ದ ಆಟಕ್ಕೇ ಅಂಟಿಕೊಂಡಿರದೆ, ಮುಂದೆ ತಮ್ಮ ಧಾಟಿಯನ್ನು ಬದಲಿಸಿ ಹೆಚ್ಚು ಆಕ್ರಮಣದ ಆಟವನ್ನು ರೂಢಿಸಿಕೊಂಡರು. 1971ರಲ್ಲಿ, ಹದಿನಾರರ ವಯಸ್ಸಿನಲ್ಲಿ, ರಾಷ್ಟ್ರದ ಕಿರಿಯರ ಮತ್ತು ಹಿರಿಯರ ಪ್ರಶಸ್ತಿಗಳೆರಡೂ ಅವರಿಗೆ ಒಲಿದವು. 1979ರವರೆಗೆ ಹಿರಿಯರ ಪ್ರಶಸ್ತಿ ಅವರ ಕೈಬಿಡಲಿಲ್ಲ.

1980ರ ಆಲ್ ಇಂಗ್ಲೆಂಡ್ ಪಂದ್ಯಾವಳಿಯ ಅಂತಿಮದಲ್ಲಿ ಅವರಿಗೆ ಎದುರಾದವರು ಹಿಂದಿನ ಎರಡು ವರ್ಷ ಆ ಪ್ರಶಸ್ತಿಯನ್ನು ಗೆದ್ದಿದ್ದ ಇಂಡೊನೇಷ್ಯದ ಲಿಯಮ್ ಸ್ವೀ ಕಿಂಗ್. ನೆಗೆದು ಬಿರುಸಾಗಿ ಹೊಡೆಯುವುದರಲ್ಲಿ ಕಿಂಗ್ ಹೆಸರಾದವರು. ಬಿರುಸಿಗೆ ಬಿರುಸನ್ನೇ ಒಡ್ಡಲು ಪಡುಕೋಣೆಯವರು ಹೋಗಲಿಲ್ಲ. ಶಟಲನ್ನು ಬಲೆಯ ಬಳಿ ಮೆಲ್ಲನೆ ಇಳಿಸುತ್ತ, ಎದುರಾಳಿಗೆ ನೆಗೆಯುವ ಅವಕಾಶವನ್ನು ಕಡಿಮೆ ಮಾಡುತ್ತ ಆಡಿದರು. ಆಕ್ರಮಣವನ್ನು ಕಲಿತವರೇ ಅದನ್ನು ಬದಿಗಿಡುವುದನ್ನೂ ಕಲಿತಿದ್ದರು. ಪಂದ್ಯ 15-3, 15-10ರಲ್ಲಿ ಮುಗಿಯಿತು. ಕಲಿಯುವುದು ಒಬ್ಬರ ಸ್ವತ್ತೇನೂ ಅಲ್ಲ. ಮರುವರ್ಷ ಅದೇ ಪಂದ್ಯಾವಳಿಯ ಅಂತಿಮದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಗೆದ್ದವರು ಕಿಂಗ್. ಅದೇ 1981ರಲ್ಲಿ ಕೌಲಾಲಂಪುರದಲ್ಲಿ ನಡೆದ ವಿಶ್ವಕಪ್ಪಿನ ಅಂತಿಮದಲ್ಲಿ ಪಡುಕೋಣೆಯವರು ಚೀನದ ಹಾನ್ ಜಿಯಾನರನ್ನು ಸೋಲಿಸಿದರು.