ದೋಣಿ ಗಾಡಿಗೆ ಲಾರಿ ಬುದ್ಧಿ

ಮಾಕಳಿಯಲ್ಲಿ ತುಮಕೂರು ರಸ್ತೆಯ ಪಕ್ಕ ನನ್ನದೊಂದು ಫ್ಯಾಬ್ರಿಕೇಶನ್ ಶೆಡ್ಡು. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರು ಮಾಡಿಕೊಂಡಿದ್ದವನು. ಸಮುದ್ರ ಇಲ್ಲಿಂದ 300 ಕಿಲೋಮೀಟರಿಗೂ ಆಚೆ. ಆದರೆ ಹಾಸನದ ಮೇಲೆ ಮಂಗಳೂರಿಗೆ ಇಳಿಯುವ ಹೆದ್ದಾರಿ 75 ಕವಲೊಡೆಯುವುದು ಪಕ್ಕದ ನೆಲಮಂಗಲದಲ್ಲೇ. ಹಾಗೆ ಹೋಗುತ್ತಿದ್ದ ಗಿರಾಕಿಯೊಬ್ಬರು ನಿಲ್ಲಿಸಿ, “ಫೈಬರ್ ದೋಣಿಗೊಂದು ಟ್ರೇಲರ್ ಮಾಡಿಕೊಡ್ತೀರಾ?” ಅಂದರು. ಈಜೂ ಬಾರದ ನಾನು ಹೂಂ ಅಂದುಬಿಟ್ಟೆ.

1. ಗಟ್ಟಿ ಮಾಡಿದ್ದೇ ತಪ್ಪಾಯಿತು

ದೋಣಿ, ಇಂಜಿನ್ನು ಎಲ್ಲ ಸೇರಿ 500 ಕೆಜಿ. ನಾನು ಗುಜರಿಯಿಂದ ಪಿಕಪ್ ಗಾಡಿಯ ಹಿಂದಿನ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್) ತಂದು, ಒಂದೊಂದು ಕಡೆಗೆ ಆರು ಬ್ಲೇಡ್ ಹಾಕಿದೆ. ಟ್ರೇಲರ್ ಮೂಲೆಯ ಮೇಲೆ ಹತ್ತಿ ಕುಣಿದರೂ ಒಂದು ನೂಲು ಇಳಿಯಲಿಲ್ಲ. ಅದನ್ನೇ ಹೆಮ್ಮೆಯಿಂದ ಗಿರಾಕಿಗೆ ತೋರಿಸಿದ್ದೆ! ಮಲ್ಪೆಯಿಂದ ವಾಪಸು ಬಂದಾಗ ದೋಣಿಯ ಅಡಿಯಲ್ಲಿ ಜೇಡರ ಬಲೆಯ ಹಾಗೆ ಬಿರುಕು. ಪ್ರತಿ ಹಂಪಿನಲ್ಲೂ ಟ್ರೇಲರ್ ಕಪ್ಪೆ ಹಾರಿದ ಹಾಗೆ ಹಾರಿತ್ತಂತೆ. ನಮ್ಮ ರಸ್ತೆಯಲ್ಲೇ ಲಾರಿ ಪಟ್ಟಿ ಕಟ್ಟುವ ತಾತನೊಬ್ಬರಿದ್ದಾರೆ. ಬಂದು ನೋಡಿ, “ದೋಣಿ ಸಾಗಿಸ್ತೀಯೋ, ಸೈಜುಗಲ್ಲು ಸಾಗಿಸ್ತೀಯೋ?” ಅಂದರು. ಬ್ಲೇಡಿನ ದಪ್ಪ ಎರಡರಷ್ಟಾದರೆ ಅದರ ಬಿಗುವು ಎಂಟರಷ್ಟಾಗುತ್ತದೆ ಅನ್ನುವ ಲೆಕ್ಕ ನನಗೆ ಗೊತ್ತಾಗಿದ್ದೂ ಆಮೇಲೆಯೇ. ತೆಳು ಬ್ಲೇಡಿನ ಹೊಸ ಸೆಟ್ ಕಟ್ಟಿಸಿದೆವು. ಬಿರುಕಿನ ರಿಪೇರಿ ಖರ್ಚು ನನ್ನದೇ.

2. ಪಟ್ಟಿಗೆ ಬೆಳ್ಳಿ ಬಣ್ಣ ಕೊಡಿಸಲು ಹೋಗಿ

ಉಪ್ಪುನೀರಿಗೆ ತುಕ್ಕು ಹಿಡಿಯಬಾರದಲ್ಲ? ಹೊಸ ಪಟ್ಟಿಗಳನ್ನು ಪೀಣ್ಯಕ್ಕೆ ಒಯ್ದು ಸತುವಿನ ಪ್ಲೇಟಿಂಗ್ ಮಾಡಿಸಿದೆ. ಮದುವೆ ಮನೆಯ ತಟ್ಟೆಯ ಹಾಗೆ ಹೊಳೆಯುತ್ತಿದ್ದವು. ಸಂಜೆ ಜೋಡಿಸಿ, ದೋಣಿ ಕೂರಿಸಿ, ಶಟರ್ ಎಳೆದು ಮನೆಗೆ ಹೋದೆ. ಬೆಳಿಗ್ಗೆ ಬಂದರೆ ಟ್ರೇಲರ್ ಎಡಕ್ಕೆ ವಾಲಿ ಕೂತಿದೆ. ಒಂದಡಿಯೂ ಓಡದ ಗಾಡಿಯ ಮೇನ್ ಬ್ಲೇಡ್ ನಿಂತಲ್ಲೇ ಎರಡು ತುಂಡು. ಮುರಿದ ಬಾಯಿ ನೋಡಿದೆ. ಬಾಗಿ ಹರಿದ ಗುರುತೇ ಇಲ್ಲ, ಕಲ್ಲುಸಕ್ಕರೆ ಒಡೆದ ಹಾಗೆ ಹರಳು ಹರಳು.

ಮೊದಲು ಉಕ್ಕನ್ನು ಬೈದೆ, ಆಮೇಲೆ ತಾತನನ್ನು ಅನುಮಾನಿಸಿದೆ. ಕೊನೆಗೆ ತುಂಡು ಹಿಡಿದುಕೊಂಡು ಪ್ಲೇಟಿಂಗಿನವರ ಹತ್ತಿರವೇ ಹೋದೆ. “ಸ್ಪ್ರಿಂಗ್ ಅಂತ ಒಂದು ಮಾತು ಹೇಳಿದ್ರೆ ಓವನ್ನಿಗೆ ಹಾಕ್ತಿದ್ವಲ್ಲ ಸಾರ್” ಅಂದರು. ಚಲನ್ನಿನಲ್ಲಿ ನಾನು ಬರೆದುಕೊಟ್ಟದ್ದು ‘ಕಬ್ಬಿಣದ ಪಟ್ಟಿ, 12’. ಆಸಿಡ್ಡಿನಲ್ಲಿ ತೊಳೆಯುವಾಗ, ಪ್ಲೇಟಿಂಗ್ ತೊಟ್ಟಿಯಲ್ಲಿರುವಾಗ ಜಲಜನಕ ಉಕ್ಕಿನೊಳಕ್ಕೆ ಇಳಿಯುತ್ತದೆ. ಮೆದು ಉಕ್ಕಿಗೆ ಅಷ್ಟೇನೂ ಬಾಧೆಯಿಲ್ಲ. ಸ್ಪ್ರಿಂಗಿನಂಥ ಗಡಸು ಉಕ್ಕಾದರೆ ಭಾರ ಬಿದ್ದು ಕೆಲವು ಗಂಟೆಗಳ ಮೇಲೆ, ಹೇಳದೆ ಕೇಳದೆ ಸೀಳಿಬಿಡುತ್ತದೆ. ಅದಕ್ಕೇ ಪ್ಲೇಟಿಂಗ್ ಆದ ಕೂಡಲೇ 200 ಡಿಗ್ರಿ ಹತ್ತಿರದ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ಈಗ ನಾನು ಫ್ರೇಮಿಗೆ ಮಾತ್ರ ಗ್ಯಾಲ್ವನೈಸಿಂಗ್ ಮಾಡಿಸುತ್ತೇನೆ. ಪಟ್ಟಿಗೆ ಪೇಂಟು, ಬ್ಲೇಡುಗಳ ನಡುವೆ ಗ್ರೀಸು, ಅಷ್ಟೇ. ಮುರಿದ ತುಂಡು ಮೇಜಿನ ಮೇಲೆ ಪೇಪರ್‌ವೇಟ್ ಆಗಿದೆ.

3. ಯು ಬೋಲ್ಟಿಗೆ ಎರಡನೇ ಸಲ ಸ್ಪ್ಯಾನರ್ ಹಾಕಲಿಲ್ಲ

ಹೊಸ ಪಟ್ಟಿ ಕೂತುಕೊಳ್ಳುವಾಗ, ಅದನ್ನು ಆಕ್ಸಲ್ಲಿಗೆ ಬಿಗಿದಿಡುವ ಯು ಬೋಲ್ಟ್ ಸಡಿಲಾಗುತ್ತದೆ. ಮೊದಲ 100 ಕಿಲೋಮೀಟರಿನೊಳಗೆ ನಿಲ್ಲಿಸಿ ಮತ್ತೆ ಬಿಗಿಯಬೇಕು. ಲಾರಿಯವರಿಗೆ ಇದು ಬಾಯಿಪಾಠ. ನನಗೂ ಗೊತ್ತಿತ್ತು, ಗಿರಾಕಿಗೆ ಹೇಳಲು ಮರೆತೆ. ಸಕಲೇಶಪುರ ದಾಟುವ ಹೊತ್ತಿಗೆ ಬ್ಲೇಡುಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ಕತ್ತರಿಸಿ ಆಕ್ಸಲ್ ಒಂದು ಕಡೆ ಹಿಂದಕ್ಕೆ ಸರಿದು, ಗಾಡಿ ಏಡಿಯ ಹಾಗೆ ಓರೆಯಾಗಿ ನಡೆದಿತ್ತು. ಪುಣ್ಯಕ್ಕೆ ಶಿರಾಡಿ ಘಾಟಿ ಇನ್ನೂ ಮುಂದಿತ್ತು.

4. ಬೇರಿಂಗಿಗಾಗಿ ಒಂದು ಟೀ

ಓಡಿ ಬಂದ ಗಾಡಿಯಲ್ಲಿ ಚಕ್ರದ ಬೇರಿಂಗ್ ಕೂತಿರುವ ಹಬ್ ಬಿಸಿಯಾಗಿರುತ್ತದೆ. ದೋಣಿ ಬಿಡಲು ಟ್ರೇಲರನ್ನು ಹಾಗೇ ನೀರಿಗೆ ಇಳಿಸಿದರೆ ಒಳಗಿನ ಗಾಳಿ ತಣಿದು ಕುಗ್ಗಿ, ಸೀಲಿನ ಸಂದಿಯಿಂದ ಉಪ್ಪುನೀರನ್ನು ಹೀರಿಕೊಳ್ಳುತ್ತದೆ. ಒಂದು ಸಲ ಹಬ್ ಬಿಚ್ಚಿದಾಗ ಗ್ರೀಸಿನ ಬದಲು ನೀರುಮಜ್ಜಿಗೆಯಂಥದ್ದು ಸುರಿಯಿತು. ದಡದಲ್ಲಿ ಟೀ ಕುಡಿದು, ಹಬ್ ಮೇಲೆ ಕೈಯಿಟ್ಟು, ಸುಡುವುದಿಲ್ಲ ಅನ್ನಿಸಿದ ಮೇಲೆ ಇಳಿಸಿ ಅಂತ ಈಗ ಟ್ರೇಲರಿನ ಮೂಗಿನ ಮೇಲೇ ಬರೆದಿದ್ದೇನೆ.

5. ರಬ್ಬರ್ ಆಕ್ಸಲ್ ವಿಷಯದಲ್ಲಿ ಇನ್ನೂ ಮೀನಮೇಷ

ಗಿರಾಕಿಗೆ ಈಗ ಟಾರ್ಷನ್ ಆಕ್ಸಲ್ ಬೇಕಂತೆ. ಚೌಕ ಕೊಳವೆಯೊಳಗೆ ರಬ್ಬರ್ ಸರಳುಗಳಿರುತ್ತವೆ, ಚಕ್ರದ ತೋಳು ತಿರುಗಿದಾಗ ಅವು ಹಿಂಡಿಕೊಂಡು ಹೊಡೆತ ತಿನ್ನುತ್ತವೆ. ಉಪ್ಪು ಕೂರಲು ಬ್ಲೇಡಿನ ಸಂದಿಯಿಲ್ಲ, ಯು ಬೋಲ್ಟಿನ ತಲೆನೋವಿಲ್ಲ. ಆದರೆ ರಬ್ಬರ್ ಸತ್ತರೆ ಇಡೀ ಆಕ್ಸಲ್ಲೇ ಹೊಸದು ಬೇಕು. ಪಟ್ಟಿ ಮುರಿದರೆ ಹಾಸನದಲ್ಲೂ ಸಿಗುತ್ತದೆ, ನೆಲ್ಯಾಡಿಯಲ್ಲೂ ಸಿಗುತ್ತದೆ. ನಾವಿಬ್ಬರೂ ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

ಈಗ ಮಳೆಗಾಲ, ಟ್ರೇಲರ್ ಪಟ್ಟಿಯ ಬುಷ್ ಬದಲಾವಣೆಗೆ ಬಂದಿದೆ. ಚೆನ್ನಾಗಿ ತೊಳೆದಿದ್ದೇನೆ ಅಂದುಕೊಂಡಿದ್ದೆ. ನಿನ್ನೆ ತಾತ ಬಂದು ಬ್ಲೇಡಿನ ಸಂದಿಗೆ ಬೆರಳು ಹಾಕಿ, ನಾಲಿಗೆಗೆ ಮುಟ್ಟಿಸಿ, ಥೂ ಅಂತ ಉಗಿದರು. “ಇನ್ನೂ ಉಪ್ಪೈತೆ ಕಣಪ್ಪ.” ಮತ್ತೆ ಪೈಪು ಹಿಡಿದುಕೊಂಡೆ.